ಅಳಿವೆಯ ನೀರಿನ ಸೀಸೆ

ಕಳೆದ ವಾರ ಮನೆಯ ಪಂಪು ಕೆಟ್ಟಿತು. ರಿಪೇರಿಗೆ ಬಂದವರು ತುಕ್ಕು ಹಿಡಿದ ಬೋಲ್ಟಿನ ಮೇಲೆ ಸೀಮೆಎಣ್ಣೆ ಸುರಿದು, "ಹತ್ತು ನಿಮಿಷ ಬಿಡ್ಬೇಕು ಸಾರ್" ಎಂದು ಮೆಟ್ಟಿಲ ಮೇಲೆ ಕುಳಿತರು. ಈಗ ಯಾರ ಮನೆಯಲ್ಲೂ ಸೀಮೆಎಣ್ಣೆ ಇರುವುದಿಲ್ಲ. ಅವರೇ ಒಂದು ಸೀಸೆಯಲ್ಲಿ ತಂದಿದ್ದರು. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ನಮ್ಮ ಹಿತ್ತಿಲಿಗೆ ಬಂತು. ನನಗೆ ಹಿತ್ತಿಲಾಚೆಯ ಮನೆಯಲ್ಲಿದ್ದ ಅಕ್ಕ ನೆನಪಾದರು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಮ್ಮ ಕಡೆ ಅರ್ಧಕ್ಕರ್ಧ ಸೈಟುಗಳು ಖಾಲಿ ಇದ್ದವು. ಮೂಲೆಗಳಲ್ಲಿ ಗುರುತಿನ ಕಲ್ಲು ನೆಟ್ಟಿದ್ದರು, ರಸ್ತೆಗೆ ಇನ್ನೂ ಜಲ್ಲಿ ಬಿದ್ದಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಒಂಬತ್ತಕ್ಕೆ ಬಸ್ಸು. ನಮ್ಮ ಹಿತ್ತಿಲ ಗೋಡೆಗೆ ಹೊಂದಿಕೊಂಡಿದ್ದ ಮನೆಗೆ ಕರಾವಳಿಯ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಗಂಡ ಲಾರಿ ಡ್ರೈವರ್. ಹೆಚ್ಚಾಗಿ ಕಾರವಾರದ ದಾರಿಯಲ್ಲೇ ಓಡಾಟ. ಹೆಂಡತಿ ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು, ಹಾಗಾಗಿ ಅಕ್ಕ ಎಂದೆ. ಬೀದಿಯವರೆಲ್ಲ ನನ್ನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರೊಬ್ಬರು ಮಾತ್ರ ತಮ್ಮ ಊರಿನಂತೆ ಮಾಸ್ತರ್ರೆ ಎನ್ನುತ್ತಿದ್ದರು.

ನಮ್ಮದು ಸಸ್ಯಾಹಾರದ ಮನೆ. ಗಂಡ ಊರಿನ ಕಡೆಯಿಂದ ಒಣಮೀನು ತಂದ ದಿನ ಅಕ್ಕ ಒಲೆ ಹೊತ್ತಿಸುವ ಮೊದಲು ಗೋಡೆಯ ಬಳಿ ಬಂದು ಕೂಗುತ್ತಿದ್ದರು.

"ಅಮ್ಮಾ, ಕಿಟಕಿ ಹಾಕ್ಕೊಳ್ಳಿ. ಮೀನು ಸುಡ್ತೆ."

"ಹಾಕಿದ್ದೀನಿ ಕಣಮ್ಮ, ಸುಟ್ಕೋ. ನಿಮ್ಮ ಬೆಕ್ಕಿಗೆ ಹೇಳು, ಮೂಳೆ ತಂದು ನಮ್ಮ ತುಳಸಿಕಟ್ಟೆ ಮೇಲೆ ಇಡೋದು ಬೇಡ ಅಂತ."

"ಬೆಕ್ಕಿಗೆ ಮಡಿ ಗೊತ್ತಿಲ್ಲ ಅಮ್ಮಾ. ನೀವೇ ಕಲಿಸಿ."

ಇದು ತಿಂಗಳಿಗೆ ಎರಡು ಮೂರು ಸಲ ನಡೆಯುತ್ತಿತ್ತು. ಮಾತು ಹೆಚ್ಚು ಕಡಿಮೆ ಇಷ್ಟೇ ಇರುತ್ತಿತ್ತು.

ಅಕ್ಕನಿಗೆ ಊರಿನಲ್ಲಿ ಒಬ್ಬ ತಂಗಿ. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ನದಿ ಕಡಲು ಸೇರುವ ಜಾಗವನ್ನು ಅವರು ಅಳಿವೆ ಎನ್ನುತ್ತಿದ್ದರು. ನೀರು ಇಳಿದಾಗ ಅಲ್ಲಿನ ಕೆಸರಿನಲ್ಲಿ ಕೈಯಾಡಿಸಿ ಬಳಚು ತೆಗೆಯುವುದು ತಂಗಿಯ ಕೆಲಸ. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಬದುಕುವ ಪುಟ್ಟ ಜೀವಿ. ಒಳಗಿನದು ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ವರ್ಷದ ಬಳಚು ತೆಗೆಯುವ ಮೊದಲು ಊರಿನ ಯಜಮಾನರು ನೀರಿಗೆ ಹಾಲು ಕಾಯಿ ಬಿಡಬೇಕು. ಅದಕ್ಕೆ ಮೊದಲು ಯಾರೂ ಇಳಿಯುವಂತಿಲ್ಲ. ಆ ವರ್ಷ ತಂಗಿ ಒಂದು ದಿನ ಮುಂಚೆ ಇಳಿದಳು. ಮನೆಯಲ್ಲಿ ಬೇಯಿಸಲು ಏನೂ ಇರಲಿಲ್ಲವಂತೆ... ಹದಿನೈದು ದಿನದಲ್ಲಿ ಅಳಿವೆಯ ಬಳಚು ಬಾಯಿ ತೆರೆದು ಸತ್ತು ಬಿದ್ದವು.

ಊರು ತಂಗಿಯನ್ನು ದೂರಿತು. ಇನ್ನು ಮುಂದೆ ನೀರಿಗೆ ಇಳಿಯಕೂಡದು ಎಂದಿತು. ಹಿಂದಿನ ವರ್ಷ ನದಿಯ ಮೇಲ್ಭಾಗದಲ್ಲಿ ಒಂದು ಕಾರ್ಖಾನೆ ಶುರುವಾಗಿತ್ತು. ಅದರ ಕಾಲುವೆ ನದಿಗೆ ಬೀಳುತ್ತಿತ್ತು. ಇಳಿತದ ಹೊತ್ತಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣುತ್ತದೆ, ಬಳಚು ಬೇಯಿಸಿದರೆ ಸೀಮೆಎಣ್ಣೆ ನಾರುತ್ತದೆ ಎಂದು ತಂಗಿ ಹೇಳಿದಳು. ಯಜಮಾನರು ಕೆಟ್ಟವರಲ್ಲ. ಓದಿದ ಮಾಸ್ತರರು ಯಾರಾದರೂ ನೀರು ನೋಡಿ ಬರೆದು ಕೊಡಲಿ, ಆಮೇಲೆ ನೋಡುವಾ ಎಂದರಂತೆ.

ಯುಗಾದಿ ಕಳೆದ ಒಂದು ಭಾನುವಾರ ಅಕ್ಕ ತಂಗಿ ಕೊಟ್ಟು ಕಳಿಸಿದ್ದ ಒಂದು ಸೀಸೆ ಅಳಿವೆಯ ನೀರನ್ನು ಗೋಡೆಯ ಮೇಲಿಟ್ಟು ಇಷ್ಟನ್ನೂ ಹೇಳಿದರು. ನಾನು ಬೂಚು ತೆಗೆದೆ. ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕುತ್ತಿಗೆಗೆ ದಾರ ಕಟ್ಟಿದ ಒಂದು ಸೀಮೆಎಣ್ಣೆ ಸೀಸೆ ಇರುತ್ತಿತ್ತು. ಬೂದಿ ಹಾಕಿ ಎಷ್ಟು ತಿಕ್ಕಿದರೂ ಅದರ ವಾಸನೆ ಹೋಗುವುದಿಲ್ಲ. ಪರೀಕ್ಷೆಗೆ ಅಂಥ ಸೀಸೆ ಬಳಸಬೇಡಿ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ.

"ಅಕ್ಕ, ಇದು ಸೀಮೆಎಣ್ಣೆ ಸೀಸೆ. ಇದನ್ನು ನೋಡಿ ನಾನು ಏನೂ ಬರೆಯೋಕಾಗಲ್ಲ."

"ಬಳಚೂ ಹಂಗೇ ನಾರ್ತಿತ್ತಂತೆ ಮಾಸ್ತರ್ರೆ."

"ಇರಬಹುದು. ನಾನು ನೋಡಿಲ್ಲವಲ್ಲ."

"ನೀರಿಗೆ ವಾಸನೆ ಅದೆ ಅಂತ ಅಷ್ಟೇ ಬರೀರಿ. ಸುಳ್ಳಲ್ಲ ಅಲ್ದಾ?"

"ಸುಳ್ಳಲ್ಲ. ಸಾಕ್ಷಿಯೂ ಅಲ್ಲ."

ಅಡುಗೆಮನೆಯಿಂದ ಅಮ್ಮನ ಮಾತು ಬಂತು. "ಒಂದು ಸಾಲು ಬರೆದುಕೊಟ್ಟರೆ ನಿನ್ನ ಪೆನ್ನು ಸವೆದು ಹೋಗುತ್ತೇನೋ?" ನಾನು ನೀರನ್ನು ಮೋರಿಗೆ ಚೆಲ್ಲಿದೆ. ಹೇಗೂ ವಾಸನೆ ಹಿಡಿದ ಸೀಸೆ ಎಂದು ಅಮ್ಮ ಅದನ್ನು ನಮ್ಮ ಸ್ಟೌವಿನ ಸೀಮೆಎಣ್ಣೆಗೇ ಇಟ್ಟುಕೊಂಡರು. ಅಕ್ಕ ಬೇಡ ಎನ್ನಲಿಲ್ಲ.

ಗಾಜಿನ ಬಿರಡೆಯ ಒಂದು ಹೊಸ ಸೀಸೆ ತಂದುಕೊಟ್ಟೆ. ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು, ಕಂಠದವರೆಗೆ ತುಂಬಬೇಕು, ಜಾಗ ಮತ್ತು ತಾರೀಖು ಬರೆದ ಚೀಟಿ ಅಂಟಿಸಬೇಕು ಎಂದು ಕಾಗದದ ಮೇಲೆ ಬರೆದೂ ಕೊಟ್ಟೆ. ಅಷ್ಟರಲ್ಲಿ ಅವರ ಗಂಡನ ಲಾರಿಯನ್ನು ಮದರಾಸಿನ ಕಡೆ ಹಾಕಿದರು. ಅವರು ಮತ್ತೆ ಆ ಊರಿಗೆ ಹೋಗುವ ಹೊತ್ತಿಗೆ ಕರಾವಳಿಯಲ್ಲಿ ಮಳೆ ಹಿಡಿದಿತ್ತು. ಸೀಸೆ ಬಂತು. ಚೀಟಿ ಸರಿಯಾಗಿತ್ತು, ಕಂಠದವರೆಗೆ ತುಂಬಿತ್ತು. ನೀರು ಕೆಂಪಗಿತ್ತು. ವಾಸನೆ ಇರಲಿಲ್ಲ.

ಮೂರು ಸಾಲು ಬರೆದೆ. ನೀರಿನಲ್ಲಿ ಮಣ್ಣು ಇದೆ. ಎಣ್ಣೆಯ ವಾಸನೆ ಇಲ್ಲ. ನೀರು ತುಂಬಿದ ತಾರೀಖು ಇಂಥದ್ದು. ಮಳೆಗಾಲದ ಹೊಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗಿರಬಹುದು ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಊಹೆ. ಊಹೆಯನ್ನು ವರದಿಯಲ್ಲಿ ಬರೆಯಬಾರದು ಎಂದು ನನಗೆ ಕಲಿಸಿದ್ದರು. ಮರುದಿನ ಬೆಳಗ್ಗೆ ಅಕ್ಕ ನೀರಿಗೆಂದು ನಲ್ಲಿಯ ಬಳಿ ಹೋಗಿದ್ದರು. ಅವರ ಗಂಡ ಹೊರಟು ನಿಂತಿದ್ದರು. ಕಾಗದವನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ನೇರವಾಗಿ ಯಜಮಾನರಿಗೆ ಮುಟ್ಟಿಸಿದರು. ಯಜಮಾನರು ಊರವರನ್ನು ಸೇರಿಸಿ ಗಟ್ಟಿಯಾಗಿ ಓದಿಸಿದರಂತೆ. ನೀರಿನಲ್ಲಿ ತಪ್ಪಿಲ್ಲ ಎಂದ ಮೇಲೆ ತಪ್ಪು ಯಾರದು ಎಂದು ಕೇಳುವುದು ಬಾಕಿ ಇರಲಿಲ್ಲ. ಮಳೆ ನಿಲ್ಲುವ ಮೊದಲೇ ತಂಗಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಗೋವೆಯ ಕಡೆ ಅದಿರು ಹೊರುವ ಕೆಲಸಕ್ಕೆ ಹೋದಳು.

ಅಕ್ಕ ಇದನ್ನೆಲ್ಲ ಹೇಳಿದರು, ಆದರೆ ದೂರಲಿಲ್ಲ. ಒಣಮೀನು ಬಂದ ದಿನ ಕಿಟಕಿ ಹಾಕಿಕೊಳ್ಳಿ ಎಂದು ಕೂಗುವುದೂ ನಿಲ್ಲಲಿಲ್ಲ. ಬೆಕ್ಕಿನ ಮಾತು ಮಾತ್ರ ನಿಂತಿತು.

ಮುಂದಿನ ವರ್ಷ ಯಜಮಾನರು ಸರಿಯಾದ ದಿನ ಹಾಲು ಕಾಯಿ ಬಿಟ್ಟರು. ಯಾರೂ ಮುಂಚೆ ಇಳಿಯಲಿಲ್ಲ. ಬಳಚು ಮತ್ತೆ ಸತ್ತವು, ಈ ಸಲ ಇಡೀ ಅಳಿವೆಯಲ್ಲಿ. ಮೀನೂ ನಾರತೊಡಗಿ ಸಂತೆಯಲ್ಲಿ ಕೇಳುವವರಿಲ್ಲದಾಯಿತು. ಊರಿನ ಅರ್ಧ ಮನೆಯವರು ತಂಗಿಯ ಹಿಂದೆಯೇ ಕೆಲಸ ಹುಡುಕಿಕೊಂಡು ಹೊರಟರು.

ಆ ಬೇಸಿಗೆಯಲ್ಲಿ ಅಕ್ಕ ಗಂಡನ ಲಾರಿಯಲ್ಲೇ ಹೋಗಿ ತಂಗಿಯನ್ನು ನೋಡಿಕೊಂಡು ಬಂದರು. ಮಾರನೆಯ ದಿನ ಬಟ್ಟೆ ಒಣಹಾಕುತ್ತಾ, ನನ್ನ ಕಡೆ ತಿರುಗದೆ ಹೇಳಿದರು.

"ಮೊದಲಿನ ಸೀಸೆ ಎಂತಕ್ಕೆ ಬ್ಯಾಡ ಅಂದ್ರು ಅಂತ ತಂಗಿ ಕೇಳಿದ್ಲು. ಅದು ಸೀಮೆಎಣ್ಣೆ ಸೀಸೆ ಆಗಿತ್ತಲ್ಲ, ಅದ್ಕೆ ಅಂದೆ. ಅದು ಜೇನಿನ ಸೀಸೆ ಮಾಸ್ತರ್ರೆ. ಬಾಣಂತನದ ಔಷಧಿಗೆ ಇಟ್ಟದ್ದಂತೆ. ಮಾಸ್ತರ್ರು ನೋಡೂದು ಅಂತ ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ ತುಂಬಿದ್ಲಂತೆ."

ಆ ಸೀಸೆ ಆಗ ನಮ್ಮ ಅಡುಗೆಮನೆಯಲ್ಲಿ ಸ್ಟೌವಿನ ಪಕ್ಕದಲ್ಲಿತ್ತು, ಸೀಮೆಎಣ್ಣೆ ತುಂಬಿಕೊಂಡು. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಅಂದೇ ಹೊಸದಾಗಿ ಕಾಗದ ಬರೆದೆ. ಮೊದಲ ಸೀಸೆಯಲ್ಲಿ ಎಣ್ಣೆಯ ವಾಸನೆ ಇತ್ತು, ಸೀಸೆ ಶುದ್ಧವಾಗಿತ್ತು, ನಾನು ವಿಚಾರಿಸದೆ ತಳ್ಳಿಹಾಕಿದೆ, ಎರಡನೆಯದು ಮಳೆಗಾಲದ ನೀರು ಎಂದು ಒಂದು ಪುಟ. ಅಕ್ಕನ ಗಂಡ ಅದನ್ನೂ ಮುಟ್ಟಿಸಿದರು. ಯಜಮಾನರು ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡು, "ಇದನ್ನು ಈಗ ಯಾರಿಗೆ ಓದಿ ಹೇಳೂದು?" ಎಂದರಂತೆ.

ಒಣಮೀನು ಬರುವುದು ನಿಧಾನವಾಗಿ ನಿಂತಿತು. ಗೋಡೆಯ ಬಳಿ ಕೂಗು ಇಲ್ಲ. ನಮ್ಮ ಅಡುಗೆಮನೆಯ ಕಿಟಕಿ ದಿನವೆಲ್ಲ ತೆರೆದೇ ಇರುತ್ತಿತ್ತು. ಒಂದೆರಡು ವರ್ಷದಲ್ಲಿ ಆ ಗಂಡ ಹೆಂಡತಿ ಹುಬ್ಬಳ್ಳಿಗೆ ಹೋದರು. ಹೊರಡುವ ದಿನ ಅಕ್ಕ ಅಮ್ಮನ ಕಾಲಿಗೆ ನಮಸ್ಕರಿಸಿ, ನನಗೆ "ಬರ್ತೆ ಮಾಸ್ತರ್ರೆ" ಎಂದರು. ಆಮೇಲೆ ಅವರ ಸುದ್ದಿ ಬರಲಿಲ್ಲ. ತಂಗಿ, ಆ ಇಬ್ಬರು ಹೆಣ್ಣುಮಕ್ಕಳು ಏನಾದರೋ... ಅವರ ಮುಖವನ್ನೂ ನಾನು ನೋಡಿದವನಲ್ಲ. ಈಗ ಅಕ್ಕ ಇದ್ದರೆ ತೊಂಬತ್ತು ದಾಟಿರಬೇಕು. ಇಲ್ಲದಿರುವುದೇ ಹೆಚ್ಚು ಸಂಭವ.

ಹತ್ತು ನಿಮಿಷವಾಗಿತ್ತು. ಬೋಲ್ಟು ಸಡಿಲವಾಯಿತು, ಪಂಪು ಓಡಿತು. ರಿಪೇರಿಯವರು ಸಾಮಾನು ಚೀಲಕ್ಕೆ ತುಂಬುವಾಗ ಸೀಸೆಯನ್ನು ತೋರಿಸಿ ಕೇಳಿದೆ.

"ಇದು ಮೊದಲು ಯಾವುದರ ಸೀಸೆ?"

ಅವರು ಅದನ್ನು ತಿರುಗಿಸಿ ನೋಡಿದರು. "ಯಾರಿಗೆ ಗೊತ್ತು ಸಾರ್. ಯಾಕೆ?"

"ಏನಿಲ್ಲ" ಎಂದೆ. "ಕೇಳಬೇಕು ಅನ್ನಿಸ್ತು."