ಅಕ್ಕನನ್ನು ಸೂರತ್ತಿಗೆ ಸಾಗಿಸುವ ಯೋಜನೆ

ನನ್ನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವುದೆಂದರೆ ನಮ್ಮ ಮನೆತನದಲ್ಲಿ ಸಣ್ಣ ಮಾತಲ್ಲ. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಹೋದವು. ಅಂದಿನಿಂದ ನಾನು ಗಾಲಿಕುರ್ಚಿಯಲ್ಲಿ, ಉಳಿದವರೆಲ್ಲ ಚಿಂತೆಯಲ್ಲಿ. ವಡೋದರಾದ ಗೋರ್ವಾದಲ್ಲಿ ನೆಲಮಹಡಿಯ ಮನೆ ಬಾಡಿಗೆಗೆ ಹಿಡಿದು, ಹತ್ತಿರದ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ತಪಾಸಿಸುವ ಕೆಲಸ ಮಾಡಿಕೊಂಡು ಹತ್ತೊಂಬತ್ತು ವರ್ಷದಿಂದ ಒಬ್ಬಳೇ ಇದ್ದೇನೆ. ದಿನಾ ಕೆಲಸಕ್ಕೆ ಹೋಗುತ್ತೇನೆ, ತರಕಾರಿಯವನೊಡನೆ ಗುಜರಾತಿಯಲ್ಲಿ ಜಗಳವಾಡುತ್ತೇನೆ. ಇದ್ಯಾವುದಕ್ಕೂ ಯಾರ ಯೋಜನೆಯೂ ಬೇಕಾಗಿಲ್ಲ. ರೈಲು ಎಂದ ಕೂಡಲೇ ಮಾತ್ರ ನಮ್ಮವರ ಕಣ್ಣಿಗೆ ನಾನು ಗಾಜಿನ ಸಾಮಾನಾಗಿಬಿಡುತ್ತೇನೆ.

ಸೂರತ್ತಿನ ಪಕ್ಕದ ಹಜೀರಾದ ಕಾರ್ಖಾನೆಯೊಂದರ ಕಾಲೊನಿಯಲ್ಲಿರುವ ನನ್ನ ಒಬ್ಬನೇ ತಮ್ಮನಿಗೆ ಮದುವೆಯಾದ ಒಂಬತ್ತು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ನಮ್ಮ ಧಾರವಾಡದ ಕಡೆ ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವವಳು ಸೋದರತ್ತೆ. ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದದಿದ್ದರೆ ಶಾಸ್ತ್ರ ಮುಗಿದಂತಲ್ಲ. ಆ ಮಗುವಿಗೆ ಇರುವ ಸೋದರತ್ತೆ ನಾನೊಬ್ಬಳೇ. ಮದುವೆ, ಸೀಮಂತ, ಬಾಣಂತನ ಯಾವ ಶಾಸ್ತ್ರದಲ್ಲೂ ನನಗೆ ಯಾರೂ ಪಾಲು ಕೊಟ್ಟಿರಲಿಲ್ಲ. ಸಿಕ್ಕಿದ್ದು ಇದೊಂದು. ಇದನ್ನು ನಾನು ಯಾರಿಗೂ ಬಿಟ್ಟುಕೊಡುವವಳಾಗಿರಲಿಲ್ಲ.

ಮೊದಲ ಸಲಹೆ ಅವ್ವನದು. ಬಾಣಂತನಕ್ಕೆಂದು ಆಗಲೇ ಹಜೀರಾಕ್ಕೆ ಬಂದು ಕೂತಿದ್ದಳು. “ಯಾಕವ್ವಾ ಇಷ್ಟು ತ್ರಾಸ ತಗೋತಿ? ಫೋನ್ ಕೂಸಿನ ಕಿವಿಗೆ ಹಿಡೀತೀವಿ, ಅಲ್ಲಿಂದಾನ ಕುರ್ರ್ ಅಂದ್ಬಿಡು,” ಎಂದಳು. ಗುದ್ದುಗಳನ್ನೂ ಫೋನಿನಲ್ಲೇ ಕಳಿಸುತ್ತೀರೇನು ಎಂದು ಕೇಳಿದೆ. ವಡೋದರಾದಿಂದ ಸೂರತ್ತಿಗೆ ಎರಡು ತಾಸಿನ ಹಾದಿ. ಅವಳು ಮಾತಾಡಿದ ರೀತಿ ನೋಡಿದರೆ ನಾನು ಕಾಶಿಗೆ ನಡೆದು ಹೊರಟಿದ್ದೆ.

ತಮ್ಮ ತನ್ನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದವನು. ರಿಪೇರಿಗೆಂದು ಇಡೀ ಘಟಕವನ್ನು ನಿಲ್ಲಿಸುವಾಗ ಯಾವ ಬೋಲ್ಟನ್ನು ಯಾರು ಎಷ್ಟು ಗಂಟೆಗೆ ಬಿಚ್ಚಬೇಕು ಎಂದು ಪಟ್ಟಿ ಮಾಡುವುದೇ ಅವನ ಕೆಲಸ. ನನ್ನನ್ನೂ ಆ ಬೋಲ್ಟುಗಳ ಸಾಲಿಗೆ ಸೇರಿಸಿದ. ‘ಅಕ್ಕನ ಪ್ರಯಾಣ’ ಎಂಬ ವಾಟ್ಸ್ಯಾಪ್ ಗುಂಪು ಹುಟ್ಟಿತು. ಅದಕ್ಕೆ ನನ್ನನ್ನು ಸೇರಿಸಿದ್ದು ನಾಲ್ಕನೆಯ ದಿನ, ಅದೂ ನನ್ನ ಕುರ್ಚಿಯ ಅಗಲ ಎಷ್ಟೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ.

ಗುಂಪಿನ ಉಪನಾಯಕ ನಮ್ಮ ಚಿಕ್ಕಪ್ಪನ ಮಗ. ಅಹಮದಾಬಾದಿನಲ್ಲಿ ಉಪಗ್ರಹಗಳ ಕೆಲಸ ಮಾಡುವವನು. ರಜೆ ಹಾಕಿ ಸೂರತ್ತಿಗೆ ಹೋಗಿ ಬಂದ. ನಾನಿಲ್ಲದೆ ನನ್ನ ಪ್ರಯಾಣದ ತಾಲೀಮು. ಬೋಗಿಯ ಬಾಗಿಲಿಗೆ ಟೇಪು ಹಿಡಿದು ಅಳೆಯುವಾಗ ರೈಲ್ವೆ ಪೊಲೀಸಿನವನು ಬಂದು ಏನು ಸಮಾಚಾರ ಎಂದು ವಿಚಾರಿಸಿದನಂತೆ. ಇವನು ಹೋದ ರೈಲಿನಲ್ಲಿ ಅಂಗವಿಕಲರ ಬೋಗಿ ಮುಂದಿತ್ತು, ಬಂದ ರೈಲಿನಲ್ಲಿ ಹಿಂದಿತ್ತು. ನಾವು ಹತ್ತುವ ರೈಲಿನಲ್ಲಿ ಅದು ಎಲ್ಲಿರುತ್ತದೆ ಎಂಬ ಬಗ್ಗೆ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ಉಪಗ್ರಹ ಎಲ್ಲಿದೆ ಎಂದು ಕೂತಲ್ಲೇ ಹೇಳುವವನಿಗೆ ಬೋಗಿ ಸಿಗಲಿಲ್ಲ. ನಾನು ಸ್ಟೇಷನ್ನಿನ ಪರಿಚಯದ ಹಮಾಲನಿಗೆ ಫೋನ್ ಮಾಡಿದೆ. “ಛೆಲ್ಲೋ ಡಬ್ಬೋ, ಬೆನ್,” ಎಂದ. ಕೊನೆಯ ಬೋಗಿ, ಅರ್ಧ ನಿಮಿಷದ ಕೆಲಸ. ಗುಂಪಿನಲ್ಲಿ ಹಾಕಿದರೆ, ಈ ಮಾಹಿತಿಗೆ ಆಧಾರವೇನು ಎಂದು ತಮ್ಮ ಕೇಳಿದ.

ಕೊನೆಗೆ ಪಟ್ಟಿ ಬಂತು. ನಲವತ್ತೊಂದು ಸಾಲು. ರ‍್ಯಾಂಪು ಯಾರು ಹಿಡಿಯಬೇಕು, ಲಿಫ್ಟು ಕೆಟ್ಟರೆ ಏನು, ಪ್ಲಾಟ್‌ಫಾರ್ಮು ಬದಲಾದರೆ ಏನು, ಕುರ್ಚಿಯ ಗಾಲಿ ಪಂಕ್ಚರಾದರೆ ಏನು. ಪ್ರತಿ ಸಾಲಿನ ಮುಂದೆ ಜವಾಬ್ದಾರಿ ಯಾರದು ಎಂಬ ಕಾಲಮ್ಮು. ನಲವತ್ತೊಂದರಲ್ಲಿ ನನ್ನ ಜವಾಬ್ದಾರಿ ಒಂದೇ ಒಂದು: ಹೊರಡುವ ಮುನ್ನ ನೀರು ಕಡಿಮೆ ಕುಡಿಯುವುದು. ಕಟ್ಟಕಡೆಯ ಸಾಲು, ‘ಕಾರಿನಿಂದ ಮನೆಗೆ: ತೊಂದರೆ ಇಲ್ಲ.’ ಹತ್ತೊಂಬತ್ತು ವರ್ಷ ಬೇರೆಯವರ ನಕ್ಷೆಯಲ್ಲಿ ತಪ್ಪು ಹುಡುಕಿದವಳು ನಾನು, ಆ ಸಾಲಿನ ಮೇಲೆ ಕಣ್ಣಾಡಿಸಿ ಸರಿ ಎಂದುಬಿಟ್ಟೆ.

ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ರೈಲು ಬಂತು, ಬೋಗಿ ಹಮಾಲ ಹೇಳಿದಲ್ಲೇ ಇತ್ತು. ಚಿಕ್ಕಪ್ಪನ ಮಗ ಅಹಮದಾಬಾದಿನಿಂದಲೇ ಅದರಲ್ಲಿ ನಿಂತು ಬಂದಿದ್ದ. ಹಮಾಲ ಇನ್ನೊಬ್ಬನ ಜೊತೆ ಸೇರಿ ರ‍್ಯಾಂಪು ಹಾಕಿ ಕುರ್ಚಿಯನ್ನು ಒಳಗೆ ನೂಕಿದ. ಬೋಗಿಯಲ್ಲಿ ಕೈಕಾಲು ಗಟ್ಟಿಯಿದ್ದವರು ಏಳೆಂಟು ಮಂದಿ ಆರಾಮಾಗಿ ಒರಗಿದ್ದರು. ನನ್ನನ್ನು ಕಂಡದ್ದೇ ಒಬ್ಬನಿಗೆ ಮೊಣಕಾಲು ನೋವು ಶುರುವಾಯಿತು, ಇನ್ನೊಬ್ಬನಿಗೆ ಗಾಢ ನಿದ್ದೆ ಬಂತು. ಮೂರನೆಯವನು ಮಾತ್ರ ಎಚ್ಚರವಿದ್ದು, ಹುಟ್ಟಿನಿಂದಲೇ ಹೀಗೋ ಆಮೇಲೋ, ಕೇರಳದ ಎಣ್ಣೆ ಹಚ್ಚಿ ನೋಡಿದಿರೋ ಎಂದು ಭರೂಚ್ ದಾಟುವವರೆಗೂ ವಿಚಾರಿಸಿದ. ಇಂಥವರಿಗೆ ಪಟ್ಟಿಯಲ್ಲಿ ಸಾಲೇ ಇರಲಿಲ್ಲ, ನಾನೇ ನಿಭಾಯಿಸಿದೆ.

ಸೂರತ್ತಿನಲ್ಲಿ ತಮ್ಮ ಫೋನು ಹಿಡಿದು ನಿಂತಿದ್ದ. ನಾನು ಇಳಿದದ್ದಕ್ಕೆ ಒಂದು ಟಿಕ್, ಕಾರು ಹತ್ತಿದ್ದಕ್ಕೆ ಒಂದು ಟಿಕ್. ಹಾದಿಯುದ್ದಕ್ಕೂ ಅವನ ಮುಖ ಅರಳಿತ್ತು. ಕಾಲೊನಿಯ ಗೇಟು ದಾಟಿ, ಕಾರು ನಿಲ್ಲಿಸಿ, ಕುರ್ಚಿ ಬಿಡಿಸಿ ನನ್ನನ್ನು ಕೂರಿಸಿ ಕಟ್ಟಡದೊಳಕ್ಕೆ ನೂಕಿಕೊಂಡು ಹೋದ. ಮೆಟ್ಟಿಲ ಬುಡಕ್ಕೆ ಬಂದು ನಿಂತ.

ಅವನ ಮನೆ ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ.

ಆರು ವರ್ಷದಿಂದ ಅವನಿರುವುದು ಅದೇ ಮನೆಯಲ್ಲಿ. ದಿನಾ ಆ ಮೆಟ್ಟಿಲು ಹತ್ತಿ ಇಳಿದಿದ್ದಾನೆ. ಯುಗಾದಿ, ದೀಪಾವಳಿ ಎಲ್ಲಕ್ಕೂ ‘ಅಕ್ಕಗ ತ್ರಾಸ ಬ್ಯಾಡ’ ಎಂದು ಅವರೇ ನನ್ನಲ್ಲಿಗೆ ಬರುತ್ತಿದ್ದರು. ಆರು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಬಾ ಎಂದು ಕರೆದಿರಲಿಲ್ಲ. ಒಮ್ಮೆ ಕರೆದಿದ್ದರೂ ಆ ಮೆಟ್ಟಿಲು ಅವನ ಕಣ್ಣಿಗೆ ಬೀಳುತ್ತಿತ್ತು. ನನಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡೆ.

ನಾಲ್ಕು ಜನ ಸೇರಿದರೆ ಕುರ್ಚಿ ಸಮೇತ ಎತ್ತಬಹುದು ಎಂದ ಚಿಕ್ಕಪ್ಪನ ಮಗ. ನಾನು ಒಲ್ಲೆನೆಂದೆ. ಚಿಕ್ಕವಳಿದ್ದಾಗ ಶಾಲೆಗೆ, ಗುಡಿಗೆ, ಮದುವೆಮನೆಗೆ ನನ್ನನ್ನು ಹೊತ್ತೇ ಒಯ್ದಿದ್ದಾರೆ. ಯಾರ ಕೈ ಎಲ್ಲೆಲ್ಲಿ ತಾಗಿತು ಎಂಬುದು ಹೊತ್ತವರಿಗೆ ನೆನಪಿರುವುದಿಲ್ಲ, ನನಗೆ ಇದೆ. ನಲವತ್ತಾರನೆಯ ವಯಸ್ಸಿನಲ್ಲಿ, ಇಳಕಲ್ ಸೀರೆ ಉಟ್ಟು, ಸೋದರತ್ತೆಯಾಗಿ ಬಂದವಳು ಮೂಟೆಯಾಗಿ ಒಳಗೆ ಹೋಗಲು ತಯಾರಿರಲಿಲ್ಲ. ತೊಟ್ಟಿಲನ್ನಾದರೂ ಕೆಳಗೆ ತನ್ನಿ ಎಂದೆ. ಅದನ್ನು ಮೇಲೆ ಕೊಕ್ಕೆಗೆ ತೂಗುಹಾಕಿ ಹೂ ಸುತ್ತಿ ಆಗಿತ್ತು. ಮುಹೂರ್ತಕ್ಕೆ ಕಾಲು ಗಂಟೆ ಉಳಿದಿತ್ತು. ಮೇಲಿನ ಕಟಾಂಜನದಿಂದ ಬಗ್ಗಿ ಅವ್ವ ಮತ್ತೆ ಫೋನಿನ ಮಾತೆತ್ತಿದಳು. ಇಷ್ಟು ದೂರ ಬಂದು, ಮಗುವಿನಿಂದ ಎರಡು ಮಹಡಿ ಕೆಳಗೆ ಕೂತು ಫೋನಿನಲ್ಲಿ ಹೆಸರಿಡುವ ಗತಿ ಬಂತಲ್ಲ ಎಂದು ಎದೆ ಒಡೆಯಿತು. ತಮ್ಮ ಗೋಡೆ ನೋಡುತ್ತ ನಿಂತಿದ್ದ.

ಆಗ ಮೇಲಿನಿಂದ ಬಳೆಯ ಸದ್ದಾಯಿತು. ತಮ್ಮನ ಹೆಂಡತಿ ಮಗುವನ್ನು ಎದೆಗಪ್ಪಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಬಾಣಂತಿಗೆ ಯಾಕೆ ತಲೆಬಿಸಿ ಎಂದು ಅವಳನ್ನು ಗುಂಪಿಗೆ ಸೇರಿಸಿಯೇ ಇರಲಿಲ್ಲ. ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಕೂತು, ಮಗುವಿನ ಕಿವಿ ನನ್ನ ಬಾಯಿಗೆ ನಿಲುಕುವಂತೆ ಹಿಡಿದಳು. “ಹೇಳ್ರಿ ಅಕ್ಕಾರ. ಅಕಿ ಇಲ್ಲೇ ಅದಾಳ,” ಎಂದಳು.

ಅವಳ ಹಿಂದೆಯೇ ಹೆಂಗಸರೆಲ್ಲ ಇಳಿದು ಬಂದು, ಜಾಗ ಸಾಲದೆ ಸ್ಕೂಟರುಗಳ ನಡುವೆ ನಿಂತರು. ನಾನು ಬಗ್ಗಿದೆ. ಹಾಲಿನ ವಾಸನೆ ಬಂತು. ಕುರ್ರ್ ಎಂದು ಹೆಸರು ಹೇಳಿದೆ. ಮಗು ಆಕಳಿಸಿತು. ನಾನು ಬಗ್ಗಿಯೇ ಇದ್ದೆ, ಗುದ್ದು ಬೀಳಲೆಂದು. ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತಿದ್ದವು. ಎಲ್ಲರ ಮುಖದಲ್ಲೂ ಅದೇ ‘ಪಾಪ’.

“ಯಾಕ ನಿಂತೀರಿ? ಆಗಿದ್ದು ಕಾಲಿಗೆ. ಬೆನ್ನು ಗಟ್ಟಿ ಅದ,” ಎಂದೆ.

ತಮ್ಮನ ಹೆಂಡತಿ ಮಗುವನ್ನು ಒಂದು ಕೈಗೆ ಬದಲಿಸಿ ಇನ್ನೊಂದು ಕೈಯಿಂದ ಸರಿಯಾಗಿ ಒಂದು ಗುದ್ದಿದಳು. ಆಮೇಲೆ ಅವ್ವ. ಆಮೇಲೆ ಉಳಿದವರೆಲ್ಲ. ಎಂಥದಕ್ಕೆ ಎಂದು ಗೊತ್ತಿರದ ಗುಜರಾತಿ ನೆರೆಯವರೂ ಹಿಂದೆ ಬೀಳಲಿಲ್ಲ. ತಮ್ಮ ಸ್ಕೂಟರಿಗೆ ಒರಗಿ, ಪಟ್ಟಿ ತೆರೆದಿದ್ದ ಫೋನನ್ನು ಜೇಬಿಗೆ ಹಾಕಿ ಕಣ್ಣೊರಸಿಕೊಂಡ.

ಮರುದಿನ ರೈಲಿನಲ್ಲಿ ವಾಪಸು ಬರುವಾಗ ಕುರ್ಚಿಗೆ ಒರಗಲು ಆಗುತ್ತಿರಲಿಲ್ಲ, ಬೆನ್ನು ಅಷ್ಟು ನೋಯುತ್ತಿತ್ತು. ಎಲ್ಲಿಯಾದರೂ ಪೆಟ್ಟಾಯಿತೇ ಎಂದು ಗುಂಪಿನಲ್ಲಿ ಕೇಳಿದ್ದರು. ಹೌದು, ಬಹಳ ಆಗಿದೆ ಎಂದು ಬರೆದು, ವಡೋದರಾ ಬರುವವರೆಗೂ ನೆಟ್ಟಗೆ ಕೂತಿದ್ದೆ.