ಯಾರೂ ಕೇಳದ ಫೋನು

ತುರ್ತು ಪರಿಸ್ಥಿತಿಯ ಕಾಲ. ಪುಣೆಯ ಸದಾಶಿವ ಪೇಠಿನಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂದು ವಾರಪತ್ರಿಕೆ ನಡೆಸುತ್ತಿದ್ದೆವು. ಸರಕಾರ ಜನರ ಫೋನು ಕದ್ದು ಕೇಳುತ್ತಿದೆ ಎಂದು ನಾನೊಂದು ವರದಿ ಬರೆದೆ. ಅಚ್ಚಿಗೆ ಮೊದಲು ಸೆನ್ಸಾರ್ ಅಧಿಕಾರಿಗೆ ತೋರಿಸಬೇಕಿತ್ತು, ಒಯ್ದೆ.

ಅಧಿಕಾರಿಗೆ ಕನ್ನಡ ಬಾರದು. ವಿಜಾಪುರ ಕಡೆಯ ಗುಮಾಸ್ತರೊಬ್ಬರು ವರದಿ ಓದಿ ಮರಾಠಿಯಲ್ಲಿ ತಿಳಿಸಿದರು. ಅಧಿಕಾರಿ ಮರಾಠಿಯಲ್ಲೇ ಗದರಿದರು: "ಯಾರ ಫೋನನ್ನೂ ಯಾರೂ ಕೇಳುವುದಿಲ್ಲ. ಇದನ್ನು ಹಾಕಿದರೆ ಪ್ರೆಸ್ಸಿಗೆ ಬೀಗ, ನಿಮಗೆ ಯೆರವಡಾ ಜೈಲು." ಹಾಳೆಯ ಉದ್ದಕ್ಕೂ ಕೆಂಪು ಗೆರೆ ಎಳೆದರು.

ಅಷ್ಟರಲ್ಲಿ ಚಹಾ ಬಂತು. ಪರವೂರಲ್ಲಿ ನಮ್ಮವರು ಸಿಕ್ಕರೆ ಮನೆಮಂದಿಯ ಸುದ್ದಿ ಕೇಳದೆ ನಾವು ಚಹಾ ಮುಟ್ಟುವವರಲ್ಲ. ಗುಮಾಸ್ತರೂ ಕಕ್ಕುಲಾತಿಯಿಂದ ಕೇಳಿದರು: "ಧಾರವಾಡದಾಗ ನಿಮ್ಮ ತಂಗ್ಯಾರ ಹೆರಿಗಿ ಸುಸೂತ್ರ ಆತೇನ್ರಿ? ಅವ್ವಾರು ಭಾಳ ಕಾಳಜಿ ಮಾಡಾಕತ್ತಿದ್ರು."

ನಾನು ಅವರನ್ನು ನೋಡಿದ್ದು ಅದೇ ಮೊದಲು. ತಂಗಿಯ ವಿಷಯ ಮಾತಾಡಿದ್ದು ಅವ್ವನ ಜೊತೆ ಮಾತ್ರ, ಅದೂ ಫೋನಿನಲ್ಲಿ, ಟ್ರಂಕ್ ಕಾಲ್ ಹಾಕಿ. ಗುಮಾಸ್ತರ ಚಹಾದ ಬಸಿ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಏನಂತೆ?" ಅಂದರು ಅಧಿಕಾರಿ.

"ಊರ ಕಡೆ ಎಲ್ಲ ಆರಾಮೇ ಅಂತ ಕೇಳಿದರು," ಎಂದೆ.

ವರದಿಗೆ ಗಟ್ಟಿ ಆಧಾರವಿಲ್ಲ ಎಂದು ನಮ್ಮ ಸಂಪಾದಕರು ಬೆಳಿಗ್ಗೆಯಷ್ಟೇ ಗೊಣಗಿದ್ದರು. ಈಗ ಆಧಾರ ಎದುರಿಗೇ ಕೂತು ಚಹಾ ಕುಡಿಯುತ್ತಿತ್ತು, ಆದರೆ ಹಾಕಲು ವರದಿಯೇ ಇರಲಿಲ್ಲ.

ಏಳುವಾಗ ಗುಮಾಸ್ತರಿಗೆ ಕನ್ನಡದಲ್ಲಿ ಹೇಳಿದೆ: "ನಿನ್ನೆ ತಂತಿ ಬಂತ್ರಿ, ಹೆಣ್ಣು ಕೂಸು. ಹೆಸರಿಡೂ ದಿನ ಅವ್ವ ಫೋನ್ ಮಾಡ್ತಾಳ, ನೀವೂ ಕೇಳ್ರಿ."