ಅಮ್ಮನ ಕೆನೆ ಬಣ್ಣದ ಗೋಡೆ

ನಾನು ಹುಟ್ಟಿ ಬೆಳೆದದ್ದು ಹರಿಹರದ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಎಲ್ಲ ಮನೆಗಳ ಗೋಡೆಗೂ ಒಂದೇ ಹಳದಿ ಸುಣ್ಣ. ಕಾರ್ಖಾನೆಯವರೇ ಆಗಾಗ ಆಳುಗಳನ್ನು ಕಳಿಸಿ ಬಳಿಸುತ್ತಿದ್ದರು. ಬೇಕು ಅನ್ನುವಂತಿಲ್ಲ, ಬೇಡ ಅನ್ನುವಂತಿಲ್ಲ. ಆ ಹಳದಿಗೆ ಗೋಡೆಗಿಂತ ನಮ್ಮ ಬೆನ್ನಿನ ಮೇಲೇ ಹೆಚ್ಚು ಪ್ರೀತಿ. ಒರಗಿದರೆ ಸಾಕು, ಅಂಗಿ, ಸೀರೆ, ಜಡೆ ಎಲ್ಲಕ್ಕೂ ಹತ್ತಿಕೊಳ್ಳುತ್ತಿತ್ತು. ದಾವಣಗೆರೆಯಿಂದ ವಾಪಸು ಬರುವ ಬಸ್ಸಿನಲ್ಲಿ ಯಾರ ಭುಜದ ಹಿಂದಾದರೂ ಹಳದಿ ಕಂಡರೆ ಕಂಡಕ್ಟರು ಎಲ್ಲಿಗೆ ಎಂದು ಕೇಳುತ್ತಲೇ ಇರಲಿಲ್ಲ, ಕ್ವಾರ್ಟರ್ಸ್ ಗೇಟಿಗೆ ಟಿಕೆಟ್ ಹರಿದು ಕೊಟ್ಟುಬಿಡುತ್ತಿದ್ದರು.

ಅಪ್ಪ ಆ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಪೊಲೀಸರಲ್ಲ, ಯಂತ್ರದಿಂದ ಬಂದ ಕಬ್ಬಿಣದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುವ ಕೆಲಸ. ಮನೆಯಲ್ಲೂ ಅವರ ಕಣ್ಣು ರಜೆ ಹಾಕುತ್ತಿರಲಿಲ್ಲ. ರೊಟ್ಟಿ ತಟ್ಟೆಗೆ ಬೀಳುವ ಮೊದಲೇ "ಈ ಕಡೆ ಸ್ವಲ್ಪ ದಪ್ಪ ಆಗೈತೆ" ಅನ್ನುತ್ತಿದ್ದರು. ಅಮ್ಮ ಕೊಕ್ಕನೂರಿನ ಒಕ್ಕಲುತನದ ಮನೆಯವಳು. "ಆ ಕಡೆಯಿಂದ ತಿನ್ನಾಕ ಶುರು ಮಾಡ್ರಿ, ದಪ್ಪ ಇದ್ದದ್ದು ಖಾಲಿ ಆಗ್ತೈತೆ" ಅಂದು ಮುಂದಿನ ರೊಟ್ಟಿಗೆ ಕೈ ಹಾಕುತ್ತಿದ್ದಳು.

ಅಪ್ಪ ನಿವೃತ್ತರಾಗುವ ಹೊತ್ತಿಗೆ ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿತ್ತು. ಊರಿಗೆಲ್ಲ ಮನೆ ಕಟ್ಟಿಸುವ ಹುಚ್ಚು ಹಿಡಿದಿತ್ತು. ನಾವೂ ಶಾಮನೂರಿನ ಪಕ್ಕದ ಹೊಸ ಬಡಾವಣೆಯಲ್ಲಿ ಒಂದು ಮನೆ ಎಬ್ಬಿಸಿದೆವು. ಹಿಂದೆ ಕಬ್ಬಿನ ಗದ್ದೆ, ಮುಂದೆ ಜಲ್ಲಿ ರಾಶಿ, ನಡುವೆ ನಮ್ಮ ಮನೆ. ನಾನಾಗ ಎಂ.ಸಿ.ಸಿ. ಬಡಾವಣೆಯ ಒಂದು ಶಾಲೆಯಲ್ಲಿ ಟೀಚರ್. ಸಂಜೆ ಲೂನಾ ಏರಿ ಬಂದು, ಗೋಡೆಗಳಿಗೆ ನೀರು ಹೊಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಗಾರೆ ಮುಗಿದು ಬಣ್ಣದ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಜೀವನವಿಡೀ ಕಾರ್ಖಾನೆಯ ಹಳದಿ ನೋಡಿದ ಅಪ್ಪನಿಗೆ ಈಗ ಸ್ವಾತಂತ್ರ್ಯ ಸಿಕ್ಕಿತ್ತು. ಹಾಲ್‌ಗೆ ಆಕಾಶ ನೀಲಿ, ಅಡುಗೆಮನೆಗೆ ಪಿಸ್ತಾ, ಮಲಗುವ ಕೋಣೆಗೆ ಗುಲಾಬಿ, ದೇವರ ಕೋಣೆಗೆ ಕೇಸರಿ ಎಂದು ಅವರು ಹೇಳುತ್ತ ಹೋದಾಗ ಅಮ್ಮ ನಡುವೆಯೇ ಕೈ ಅಡ್ಡ ಹಿಡಿದಳು.

"ಮನಿ ಕಟ್ಟೀರೋ, ಐಸ್‌ಕ್ಯಾಂಡಿ ಡಬ್ಬಿ ಕಟ್ಟೀರೋ? ಎಲ್ಲಾ ಕೋಣೆಗೂ ಒಂದೇ ಬಣ್ಣ ಸಾಕು."

"ಯಾವುದು?"

"ಬಿಳಿ. ಆದ್ರೆ ಬಿಳಿ ಅಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಾಗ ಮೊದಲು ಕನ್ನಡಕ ಕೊಳೆಯಾಗುತ್ತಿತ್ತು.

ಅಮ್ಮ ವಿವರಿಸಿದಳು. ಎಂ.ಸಿ.ಸಿ. ಬಡಾವಣೆಯಲ್ಲಿ ಅವಳ ಗೆಳತಿಯೊಬ್ಬಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳಂತೆ. ಅಲ್ಲಿ ಹಾಲ್‌ನಲ್ಲಿ ಕೂತ ಹೆಂಗಸರೆಲ್ಲ, ದಿನಾ ನೋಡುವ ಹೆಂಗಸರೇ, ಅವತ್ತು ಎಂದಿಗಿಂತ ಲಕ್ಷಣವಾಗಿ ಕಂಡರಂತೆ. ಒಡವೆಯಿಂದ ಅಂದುಕೊಂಡಳು, ಒಡವೆ ಹಾಕದವರೂ ಹಾಗೇ ಕಂಡರು. ಕಡೆಗೆ ಹಿಂದಿನ ಗೋಡೆ ನೋಡಿದಳು. ಹಾಲು ಕಾದು ಆರಿದಾಗ ಮೇಲೆ ಕಟ್ಟುತ್ತದಲ್ಲ, ಆ ಕೆನೆಯ ಬಣ್ಣ. "ಆ ಗ್ವಾಡಿ ಮುಂದೆ ಎಲ್ಲರ ಮುಖಾನೂ ಚಂದ ಕಾಣ್ತಾವ್ರಿ. ನೀಲಿ ಮುಂದೆ ಕೂತ್ರೆ ನೀವು ಜ್ವರ ಬಂದೋರಂಗ ಕಾಣ್ತೀರಿ."

ಈ ಕೊನೆಯ ಮಾತು ಅಪ್ಪನನ್ನು ಅರ್ಧ ಗೆದ್ದಿತು. ಉಳಿದರ್ಧವನ್ನು ಅಮ್ಮ ಕೇಳಲಿಲ್ಲ.

ಮಂಡಿಪೇಟೆಯ ಬಣ್ಣದ ಅಂಗಡಿಗೆ ಮೂವರೂ ಹೋದೆವು. ಅಂಗಡಿಯವರು ಶೇಡ್ ಕಾರ್ಡ್ ಬಿಡಿಸಿದರು. ಅದರಲ್ಲಿ ಒಂದಿಡೀ ಪುಟದ ತುಂಬ ಬಿಳಿಯಲ್ಲದ ಬಿಳಿಗಳು. ದಂತದ್ದು, ಮುತ್ತಿನದ್ದು, ಬೆಣ್ಣೆಯದ್ದು ಎಂದು ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಅಪ್ಪ ಮೇಲಿಂದ ಕೆಳಗೆ ನೋಡಿ, "ಇವೆಲ್ಲಾ ಒಂದೇ ಅಲ್ವೇನ್ರಿ? ಹೆಸರು ಮಾತ್ರ ಬ್ಯಾರೆ ಬ್ಯಾರೆ ಇಟ್ಟಾರೆ" ಅಂದರು. ಅಮ್ಮ ಕಾರ್ಡ್ ಕಸಿದುಕೊಂಡು ಅಂಗಡಿಯ ಬಾಗಿಲಿಗೆ ಹೋದಳು. ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು, ನನ್ನ ಕೆನ್ನೆಯ ಪಕ್ಕ ಹಿಡಿದಳು. ದಾರಿಯಲ್ಲಿ ಹೋಗುವವರು ನನ್ನ ಕೆನ್ನೆಯನ್ನೂ ಕಾರ್ಡನ್ನೂ ಹೋಲಿಸಿ ನೋಡುತ್ತಿದ್ದರು.

"ಅಮ್ಮಾರೆ, ಸೀರೆ ಆರಿಸಿದಂಗ ಆರಿಸಿದ್ರೆ ಹೆಂಗ್ರಿ?" ಅಂದರು ಅಂಗಡಿಯವರು.

"ಸೀರೆ ದಿನಾ ಬದಲಿಸ್ತೀವಿ. ಗ್ವಾಡಿ ಬದಲಿಸಾಕ ಆಗ್ತೈತೇನ್ರಿ?"

ಕಡೆಗೆ ಒಂದರ ಮೇಲೆ ಬೆರಳಿಟ್ಟಳು. ಅದು ಸಿದ್ಧ ಡಬ್ಬಿಯಲ್ಲಿ ಸಿಗುತ್ತಿರಲಿಲ್ಲ. ಬಣ್ಣ ಕಲಸಿಕೊಡುವ ಯಂತ್ರಗಳು ನಮ್ಮ ಕಡೆಗೆ ಇನ್ನೂ ಬಂದಿರದ ಕಾಲ. ಬಿಳಿ ಡಿಸ್ಟೆಂಪರಿಗೆ ಸಣ್ಣ ಶೀಸೆಯ ಹಳದಿ ಬಣ್ಣ ತೊಟ್ಟು ತೊಟ್ಟಾಗಿ ಬಿಟ್ಟು ಕೈಯಲ್ಲೇ ಕಲಸಬೇಕು. ಆ ಕೆಲಸಕ್ಕೆ ಅಂಗಡಿಯವರೇ ಒಬ್ಬ ಪೇಂಟರನ್ನು ಗೊತ್ತು ಮಾಡಿಕೊಟ್ಟರು.

ಪೇಂಟರ್ ಮಾತುಗಾರ. ಅವನ ಬಾಯಲ್ಲಿ ಎಲ್ಲ ತೊಂದರೆಗೂ ಒಂದೇ ಔಷಧ: "ಒಣಗಲಿ ತಡೀರಿ." ಗೆರೆ ಕಂಡರೆ ಒಣಗಲಿ, ಚುಕ್ಕೆ ಕಂಡರೆ ಒಣಗಲಿ, ಕಿಟಕಿಯ ಗಾಜಿಗೆ ಸಿಡಿದರೂ ಒಣಗಲಿ. ಕೋಣೆಗಳೆಲ್ಲ ಚೆನ್ನಾಗಿಯೇ ಆದವು. ಹಾಲ್‌ನ ಉದ್ದ ಗೋಡೆಗೆ ಬಂದಾಗ, ಸರಿಯಾಗಿ ಅದರ ನಡುಮಧ್ಯದಲ್ಲಿ ಬಕೆಟ್ಟು ಖಾಲಿಯಾಯಿತು. ಅವನು ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾ ಕುಡಿದು, ಹೊಸ ಬಕೆಟ್ಟು ಕಲಸಿಕೊಂಡು ಬಂದು ಉಳಿದರ್ಧ ಬಳಿದ.

ಮರುದಿನ ಅಮ್ಮ ಹಾಲ್‌ನಲ್ಲಿ ಕಾಲಿಟ್ಟವಳೇ ನಿಂತುಬಿಟ್ಟಳು.

"ಎಡಗಡೆ ಕೆನೆ. ಬಲಗಡೆ ಮಜ್ಜಿಗೆ."

"ಒಣಗಲಿ ತಡೀರಿ ಅಮ್ಮಾರೆ," ಅಂದ ಪೇಂಟರ್.

ಒಣಗಿತು. ಮಜ್ಜಿಗೆ ಮಜ್ಜಿಗೆಯಾಗಿಯೇ ಉಳಿಯಿತು. ಹಾಗಂತ ಅಮ್ಮ ಹೇಳುತ್ತಿದ್ದಳು. ಅಪ್ಪ ಗೋಡೆಯ ಹತ್ತಿರ ಹೋದರು, ದೂರ ಬಂದರು, ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ನಾನು ಕೂದಲೆಳೆ ಹಿಡಿದು ಬದುಕಿದೋನು. ಇಲ್ಲಿ ಏನೂ ಫರಕ್ ಇಲ್ಲ" ಎಂದು ತೀರ್ಪು ಕೊಟ್ಟರು. ನನ್ನನ್ನು ಕೇಳಿದರು. ನನಗೆ ಬೆಳಿಗ್ಗೆ ಒಂದೇ ಥರ ಕಾಣುತ್ತಿತ್ತು, ಸಂಜೆ ಪಶ್ಚಿಮದ ಬಿಸಿಲು ಬಿದ್ದಾಗ ಬೇರೆ ಬೇರೆ. ಹಾಗೆಯೇ ಹೇಳಿದೆ. ಇಬ್ಬರೂ ನನ್ನೊಂದಿಗೆ ಮಾತು ಬಿಟ್ಟರು.

ಗೃಹಪ್ರವೇಶ ಎದುರಿಗೇ ಇತ್ತು, ಮತ್ತೆ ಬಳಿಯಲು ಪುರುಸೊತ್ತಿರಲಿಲ್ಲ. ಆ ದಿನ ಬಂದ ನೆಂಟರಿಗೆಲ್ಲ ಮೊದಲು ಪಾನಕ, ಆಮೇಲೆ ಗೋಡೆ. ಅಮ್ಮ ಒಬ್ಬೊಬ್ಬರನ್ನೇ ಕರೆತಂದು, "ಇಲ್ಲಿ ನಿಂತು ನೋಡ್ರಿ, ಏನಾದ್ರೂ ಕಾಣ್ತೈತೇನು?" ಎಂದು ಕೇಳುವಳು. ಅಪ್ಪ ಹಿಂದಿನಿಂದ ತಲೆ ಅಲ್ಲಾಡಿಸಿ ಸನ್ನೆ ಮಾಡುವರು. ಕೊಕ್ಕನೂರಿನ ಕಡೆಯವರಿಗೆಲ್ಲ ವ್ಯತ್ಯಾಸ ಕಂಡಿತು. ಕಾರ್ಖಾನೆಯ ಸ್ನೇಹಿತರಿಗೆ ಯಾರಿಗೂ ಕಾಣಲಿಲ್ಲ. ಒಬ್ಬ ಹಿರಿಯರು ಮಾತ್ರ ಬಹಳ ಹೊತ್ತು ದಿಟ್ಟಿಸಿ, "ಹೋಳಿಗಿ ಯಾವಾಗ ಬಡಸ್ತೀರಿ?" ಅಂದರು.

ಕೆಲವು ದಿನಗಳಾದ ಮೇಲೆ ಅಪ್ಪ ಒಂದು ದೊಡ್ಡ ಕ್ಯಾಲೆಂಡರ್ ತಂದು ಗೋಡೆಯ ನಡುವೆ ಮೊಳೆ ಹೊಡೆದು ತೂಗುಹಾಕಿದರು.

"ಫರಕ್ ಇಲ್ಲ ಅಂದ್ರೆ ಸರಿಯಾಗಿ ಅಲ್ಲೇ ಯಾಕ ಹಾಕಿದ್ರಿ?" ಅಮ್ಮ ಕೇಳಿದಳು.

"ಗಾಳಿಗೆ ಹಾರಬಾರ್ದು ಅಂತ."

"ಆ ಕಡೆ ಗಾಳಿನೇ ಬರಂಗಿಲ್ಲ."

"ಅದಕ್ಕೇ ಅಲ್ಲಿ ಹಾಕೀನಿ."

ಇಷ್ಟರಲ್ಲಿ ನನ್ನ ಮದುವೆಯ ಮಾತು ಶುರುವಾಗಿತ್ತು. ಹರಿಹರದ ಒಂದು ಕಡೆಯಿಂದ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗನದು ಅಲ್ಲಿನ ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ಬ್ಲೌಸ್ ಪೀಸು, ಫಾಲ್ಸು ಹುಡುಕಿ ಕೊಡುವ ಅಂಗಡಿ. ಹುಡುಗ ಮಿತಭಾಷಿ ಎಂದು ಮಧ್ಯಸ್ಥರು ಹೇಳಿದ್ದರು. ಅಪ್ಪನಿಗೆ ಅದೊಂದೇ ಸಾಕಾಯಿತು. ಮನೆಯಲ್ಲಿ ತಮ್ಮ ಮಾತಿಗೆ ಎದುರು ಹೇಳದ ಒಬ್ಬರು ಸಿಗುತ್ತಾರೆಂಬ ಆಸೆ.

ಅವರು ಸಂಜೆ ಬಂದರು. ಹುಡುಗ, ಅವನ ತಾಯಿ, ಮಧ್ಯಸ್ಥರು. ನಾನು ಅವಲಕ್ಕಿ, ಚಹಾ ಕೊಟ್ಟು ಉದ್ದ ಗೋಡೆಯ ಮುಂದಿನ ಕುರ್ಚಿಯಲ್ಲಿ ಕೂತೆ. ತಲೆ ತಗ್ಗಿಸಿಕೊಂಡೇ ಕಣ್ಣು ಮೇಲೆತ್ತಿ ಅವನನ್ನು ನೋಡುವ ವಿದ್ಯೆಯನ್ನು ಸಹೋದ್ಯೋಗಿಗಳು ಹೇಳಿಕೊಟ್ಟಿದ್ದರು. ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮುಖದಲ್ಲಿ ಹಲ್ಲುನೋವಿನಂಥ ಒಂದು ಸಂಕಟ. ಹುಡುಗಿ ಹಿಡಿಸಲಿಲ್ಲ ಎಂದು ನಾನು ತೀರ್ಮಾನಿಸಿದೆ. ಬೇಸರಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ಹೊತ್ತು ಸೀರೆ ನೆರಿಗೆ ಹಿಡಿದದ್ದು ಯಾತಕ್ಕೆ?

"ಏನಾದ್ರೂ ಕೇಳೋದಿದ್ರೆ ಕೇಳಪ್ಪ, ಸಂಕೋಚ ಬ್ಯಾಡ," ಅಂದರು ಅಪ್ಪ.

ಹುಡುಗ ಬಟ್ಟಲು ಕೆಳಗಿಟ್ಟ. "ತಪ್ಪು ತಿಳ್ಕೋಬ್ಯಾಡ್ರಿ ಯಜಮಾನ್ರೆ. ಈ ಗ್ವಾಡಿಗೆ ಎರಡು ಸಲ ಬಣ್ಣ ಕಲಸಿದ್ರೇನು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, ಹೆಣ್ಣು ನೋಡುವ ಶಾಸ್ತ್ರವನ್ನೆಲ್ಲ ಮರೆತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಡುಮನೆಗೆ ಬಂದಳು.

"ಇನ್ನೊಂದ್ಸಲ ಹೇಳಪ್ಪಾ. ಅವರಿಗೆ ಕೇಳಂಗ ಹೇಳು."

ಅಪ್ಪ ಸುಮ್ಮನೆ ಸೋಲುವವರಲ್ಲ. ಎದ್ದು ಹೋಗಿ ಕ್ಯಾಲೆಂಡರ್ ಇಳಿಸಿದರು. "ಹಂಗಾದ್ರೆ ಎಲ್ಲಿಂದ ಬದಲಾಗೈತೆ ತೋರ್ಸು." ಹುಡುಗ ಗೋಡೆಯ ಹತ್ತಿರವೂ ಹೋಗಲಿಲ್ಲ. ಕೂತಲ್ಲಿಂದಲೇ ಬೆರಳು ನೀಡಿ ಮೇಲಿಂದ ಕೆಳಗೆ ಗಾಳಿಯಲ್ಲಿ ಒಂದು ಗೆರೆ ಎಳೆದ. ಮೊಳೆಯ ಮೇಲಿಂದಲೇ ಹಾಯ್ದ ಗೆರೆ. "ಬಲಗಡೆ ಹಳದಿ ಒಂದು ತೊಟ್ಟು ಕಡಿಮಿ ಬಿದ್ದೈತ್ರಿ. ಇಂಥ ಫರಕ್ಕಿನ ಬ್ಲೌಸ್ ಪೀಸ್ ಕೊಟ್ರೆ ನಮ್ಮೂರ ಹೆಂಗಸ್ರು ವಾಪಸ್ ತಂದು ಮುಖಕ್ಕ ಎಸೀತಾರೆ."

ಅಪ್ಪ ಗೋಡೆ ನೋಡಿದರು, ಹುಡುಗನನ್ನು ನೋಡಿದರು, ಕನ್ನಡಕ ಒರೆಸಿದರು. ಅಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ಅವಲಕ್ಕಿಗೆ ಎರಡರಷ್ಟು ಶೇಂಗಾ ಹಾಕಿ ತಂದಳು. ಮಧ್ಯಸ್ಥರು ಬಂದ ಕೆಲಸ ಯಾವುದೆಂದು ಮರೆತು, ತಮಗೂ ಫರಕ್ ಕಾಣುತ್ತಿದೆ ಎನ್ನತೊಡಗಿದರು. ಎಲ್ಲರೂ ಎದ್ದು ಗೋಡೆಯ ಮುಂದೆ ಗುಂಪುಗೂಡಿದರು. ಕುರ್ಚಿಯ ಮೇಲೆ ನಾನೊಬ್ಬಳೇ.

"ನೋಡಾಕ ಬಂದಿದ್ದು ಗ್ವಾಡಿನೋ, ನನ್ನನ್ನೋ?" ಬಾಯಿಂದ ಬಂದೇಬಿಟ್ಟಿತು.

ಹುಡುಗ ತಿರುಗಿ ಆಗ ಮೊದಲ ಸಲ ಸರಿಯಾಗಿ ನನ್ನನ್ನು ನೋಡಿದ. ಕಿವಿ ಕೆಂಪಾಯಿತು. "ನೀವು ಬಲಗಡೆ ಕೂತೀರಿ," ಅಂದ, "ಎಡಗಡೆ ಕೂತಿದ್ರೆ ನಾನು ಗ್ವಾಡಿ ನೋಡ್ತಿರಲಿಲ್ಲ."

ಅವನ ತಾಯಿ ನಕ್ಕುಬಿಟ್ಟರು. ಮನೆಯಲ್ಲಿ ಇವನು ಇಷ್ಟು ಮಾತಾಡಿದ್ದನ್ನು ತಾವು ಕೇಳಿಯೇ ಇಲ್ಲ ಅಂದರು. ಅಲ್ಲಿಗೆ ಮದುವೆ ಗೊತ್ತಾದಂತಾಯಿತು.

ಮದುವೆಗೆ ಮುಂಚೆ ಒಂದು ಭಾನುವಾರ ಹುಡುಗ, ಇನ್ನು ಮೇಲೆ ಇವರು ಅನ್ನಬೇಕು, ಬಂದು ಅಪ್ಪನ ಜೊತೆ ಕೂತು ಹೊಸದಾಗಿ ಬಣ್ಣ ಕಲಸಿದರು. ಅಪ್ಪ ಚಮಚದಲ್ಲಿ ಹಳದಿ ಅಳೆಯುವುದು, ಇವರು ಕಣ್ಣಿನಲ್ಲಿ ಅಳೆಯುವುದು. ಮಾವ ಅಳಿಯ ಇಬ್ಬರೂ ಸೇರಿ ಮಾಡಿದ ಬಣ್ಣ ಕೆನೆಯೂ ಅಲ್ಲ, ಮಜ್ಜಿಗೆಯೂ ಅಲ್ಲ, ಮೂರನೆಯದೇ ಒಂದಾಯಿತು. ಆದರೆ ಇಡೀ ಹಾಲ್‌ಗೆ ಅದೊಂದನ್ನೇ ಬಳಿದದ್ದರಿಂದ ಗೋಡೆಗಳ ನಡುವೆ ಜಗಳವಿರಲಿಲ್ಲ. ಅಮ್ಮ ಎಲ್ಲರನ್ನೂ ಒಂದೊಂದು ಗೋಡೆಯ ಮುಂದೆ ನಿಲ್ಲಿಸಿ ಮುಖ ನೋಡಿದಳು. ಅಪ್ಪನ ಸರದಿ ಬಂದಾಗ ಸ್ವಲ್ಪ ಹೆಚ್ಚೇ ಹೊತ್ತು ನೋಡಿ, "ಅಡ್ಡಿಯಿಲ್ಲ" ಅಂದಳು. ಅಪ್ಪ ಅವತ್ತು ಸಂಜೆಯವರೆಗೂ ಆ ಗೋಡೆ ಬಿಟ್ಟು ಕದಲಲಿಲ್ಲ.

ಇಂಥ ಕಣ್ಣಿನವರ ಮನೆ ಹೇಗಿರಬಹುದು ಎಂದು ಊಹಿಸಿಕೊಳ್ಳುತ್ತಲೇ ನಾನು ಹರಿಹರದಲ್ಲಿ ಅಕ್ಕಿ ಸೇರು ಒದ್ದು ಒಳಗೆ ಹೋದೆ. ಹಾಲ್‌ಗೆ ಗಿಳಿ ಹಸಿರು. ಅದೂ ಎಣ್ಣೆ ಬಣ್ಣ, ಮುಖ ಕಾಣುವಷ್ಟು ಹೊಳಪು. ಅಡುಗೆಮನೆಗೆ ಕೋಲ್ಡ್ರಿಂಕಿನ ಕಿತ್ತಳೆ. ನಮ್ಮ ಕೋಣೆ ಕಡು ನೀಲಿ. ಎಲ್ಲ ಅತ್ತೆಯ ಆಯ್ಕೆ.

"ಇಷ್ಟು ದಿನ ಹೆಂಗಿದ್ರಿ ಇಲ್ಲಿ?" ಎಂದು ಮೆಲ್ಲಗೆ ಕೇಳಿದೆ.

"ದಿನವಿಡೀ ಅಂಗಡ್ಯಾಗ ಬಣ್ಣನೇ ನೋಡಿರ್ತೀನಿ," ಅಂದರು. "ಮನಿಗೆ ಬಂದ ಮೇಲೆ ಅವ್ವನ ಕಡೆ ಬಿಟ್ಟು ಬ್ಯಾರೆ ಯಾ ಕಡೆನೂ ನೋಡಂಗಿಲ್ಲ."

ಮೊದಲ ದೀಪಾವಳಿಗೆ ಧೈರ್ಯ ಮಾಡಿ ನಮ್ಮ ಕೋಣೆಯೊಂದಕ್ಕೆ ಮಾತ್ರ ಕೆನೆ ಬಣ್ಣ ಬಳಿಯಲು ಅತ್ತೆಯ ಅಪ್ಪಣೆ ಕೇಳಿದೆ. "ನಿಮ್ಮ ಕೋಣಿ, ನಿಮ್ಮ ಹಣೇಬರಹ," ಅಂದರು. ನೀಲಿ ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ. ಎಷ್ಟು ಕೈ ಬಳಿದರೂ ಒಳಗಿನಿಂದ ಇಣುಕುತ್ತಿತ್ತು. ಕಡೆಗೆ ಇವರು ಅಂಗಡಿ ಮುಚ್ಚಿ ಬಂದು, ಅಂಗಿ ಕಳಚಿ, ಗೋಡೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ತಾವೇ ಬಳಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಹೊಸದಾಗಿ ಮದುವೆಯಾದವರ ಕೋಣೆ ಇಷ್ಟು ಸಪ್ಪೆ ಇದ್ದರೆ ಹೇಗೆ ಎಂದು ಹೇಳಿ ಹೋದರು.

ಸ್ವಲ್ಪ ದಿನದಲ್ಲೇ ಅತ್ತೆ ಮಧ್ಯಾಹ್ನದ ಹೊತ್ತು ಮೊರ ಹಿಡಿದುಕೊಂಡು ನಮ್ಮ ಕೋಣೆಗೆ ಬರತೊಡಗಿದರು. ಇಲ್ಲಿ ಬೆಳಕು ಚೆನ್ನಾಗಿದೆ, ಅಕ್ಕಿಯಲ್ಲಿನ ಕಲ್ಲು ಕಾಣುತ್ತವೆ ಅನ್ನುವುದು ಅವರ ಸಬೂಬು. ಅಕ್ಕಿ ಮುಗಿದರೆ ತೊಗರಿಬೇಳೆ, ಬೇಳೆ ಮುಗಿದರೆ ಹೂ ಕಟ್ಟುವುದು. ಪಕ್ಕದ ಮನೆಯವರು ಬಂದರೆ ಅವರನ್ನೂ ಅಲ್ಲಿಗೇ ಕರೆಯುತ್ತಿದ್ದರು. ದಾವಣಗೆರೆಯ ಶಾಲೆಯಿಂದ ಬಸ್ಸಿನಲ್ಲಿ ಬಂದು ಒಂದು ಗಳಿಗೆ ಮಲಗೋಣವೆಂದರೆ ನನ್ನ ಮಂಚದ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ.

"ಹಾಲ್‌ಗೂ ಇದನ್ನೇ ಬಳಿಸೋಣೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ.

"ಬ್ಯಾಡವಾ," ಅಂದರು ಮೊಗ್ಗಿನಿಂದ ಕಣ್ಣೆತ್ತದೆ. "ಹಾಲ್‌ಗೆ ಎಲ್ಲಾರೂ ಬಂದು ಕೂತು ಏಳಂಗೇ ಇಲ್ಲ ಅಂದ್ರೆ ಅಡಿಗಿ ಯಾರು ಮಾಡ್ತಾರೆ?"